ನಾರ್ವೆ ಬರೀ ಎಣ್ಣೆಯಿಂದ ಶ್ರೀಮಂತವಾಯಿತಾ?

ಪ್ರಶ್ನೆ: ನನ್ನ ಮಗಳಿಗೆ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಪಿಎಚ್.ಡಿ ಮಾಡುವ ಅವಕಾಶ ಸಿಕ್ಕಿದೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮ ಭಾವ "ಅದು ದುಬೈ ಥರ, ಎಣ್ಣೆ ಸಿಕ್ಕಿ ದುಡ್ಡಾದ ದೇಶ" ಅಂತಾರೆ. ನಮ್ಮ ಅತ್ತೆಗೆ "ಅಲ್ಲಿ ಆರು ತಿಂಗಳು ಕತ್ತಲೆ" ಅನ್ನೋ ಚಿಂತೆ. ಅಲ್ಲಿನ ಜನ, ನೆಲ, ಸರ್ಕಾರ, ದುಡ್ಡುಕಾಸಿನ ವ್ಯವಹಾರ ಹೇಗೆ ಅಂತ ಸ್ವಲ್ಪ ವಿವರವಾಗಿ ತಿಳಿಸಿಕೊಡಿ. – ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಭಾವ ಹೇಳಿದ್ದು ಅರ್ಧ ನಿಜ. ನಾರ್ವೆಯಲ್ಲಿ ಎಣ್ಣೆಯೂ ಇದೆ, ದುಡ್ಡೂ ಇದೆ. ಆದರೆ ಎಣ್ಣೆ ಸಿಕ್ಕ ದೇಶಗಳೆಲ್ಲ ನಾರ್ವೆ ಆಗಲಿಲ್ಲ. ವೆನೆಜುವೆಲಾ ನೋಡಿ, ನೈಜೀರಿಯಾ ನೋಡಿ. ಹಾಗಾಗಿ ನಾನು ಎಣ್ಣೆ ಬಿಟ್ಟು ನೀರಿನಿಂದ ಶುರು ಮಾಡುತ್ತೇನೆ. ಇಂಧನದ ಅರ್ಥಶಾಸ್ತ್ರ ಪಾಠ ಮಾಡುವವನು ನಾನು, ಬರ್ಗನ್ ಊರಿನಲ್ಲಿ ಎರಡು ವರ್ಷ ಇದ್ದೆ. ನೀರಿನ ಕಡೆ ಸ್ವಲ್ಪ ಪಕ್ಷಪಾತ ಇದ್ದರೂ ಇರಬಹುದು, ಕ್ಷಮಿಸಿ.

ಮೊದಲು ನೆಲ. ನಾರ್ವೆಯ ಮುಖ್ಯ ಭೂಭಾಗ ಸುಮಾರು 3.24 ಲಕ್ಷ ಚದರ ಕಿಲೋಮೀಟರ್. ಕರ್ನಾಟಕ 1.92 ಲಕ್ಷ, ಅಂದರೆ ನಮ್ಮದರ ಒಂದೂಮುಕ್ಕಾಲು ಪಟ್ಟು ಹತ್ತಿರ. ಜನ ಮಾತ್ರ 2025ರ ಶುರುವಿನಲ್ಲಿ ಸುಮಾರು 56 ಲಕ್ಷ. ಅಷ್ಟು ಜನ ಬೆಂಗಳೂರಿನ ಅರ್ಧಕ್ಕೂ ಸಾಲುವುದಿಲ್ಲ. ದೇಶ ಉದ್ದಕ್ಕೆ ಇದೆ. ತೆಂಕಣ ತುದಿಯಿಂದ ಬಡಗಣ ತುದಿಗೆ ನೇರ ಗೆರೆ ಎಳೆದರೂ 1,700 ಕಿಲೋಮೀಟರ್ ದಾಟುತ್ತದೆ. ಕರಾವಳಿಯ ಲೆಕ್ಕ ಇನ್ನೂ ಮಜಾ. ಸಮುದ್ರ ಬೆಟ್ಟಗಳ ನಡುವೆ ಕೈ ಚಾಚಿಕೊಂಡು ಒಳಕ್ಕೆ ನುಗ್ಗಿದೆ. ಆ ಕೈಗಳನ್ನೇ ಫ್ಯೋರ್ಡ್ ಅನ್ನುವುದು. ಹಿಮನದಿಗಳು ಬಂಡೆ ಕೊರೆದು ಮಾಡಿದ ಕಣಿವೆಗೆ ಆಮೇಲೆ ಸಮುದ್ರದ ನೀರು ತುಂಬಿತು. ಸೋಗ್ನೆ ಫ್ಯೋರ್ಡ್ 200 ಕಿಲೋಮೀಟರ್‌ಗಿಂತ ಉದ್ದ, 1,300 ಮೀಟರ್ ಆಳ. ಇಂಥ ಫ್ಯೋರ್ಡ್‌ಗಳ ಅಂಚು, ಸಾವಿರಾರು ದ್ವೀಪಗಳ ಅಂಚು ಎಲ್ಲ ಸೇರಿಸಿ ಅಳೆದರೆ ಕರಾವಳಿ ಒಂದು ಲಕ್ಷ ಕಿಲೋಮೀಟರ್ ಮೀರುತ್ತದೆ.

ಉಳುವ ಭೂಮಿ ಎಷ್ಟು ಗೊತ್ತಾ? ನೂರಕ್ಕೆ ಮೂರು ಪಾಲು. ಉಳಿದದ್ದೆಲ್ಲ ಬೆಟ್ಟ, ಕಾಡು, ಬಂಡೆ, ಹಿಮ. ಆದ್ದರಿಂದ ನಾರ್ವೆ ಬಹಳ ಕಾಲ ಬಡ ದೇಶವಾಗಿತ್ತು. 1825ರಿಂದ ಮುಂದಿನ ನೂರು ವರ್ಷಗಳಲ್ಲಿ ಸುಮಾರು 8 ಲಕ್ಷ ಜನ ಅಮೆರಿಕಕ್ಕೆ ಗುಳೆ ಹೋದರು. ಮನೆಯ ಹಿರಿಮಗನಿಗೆ ಹೊಲ, ಉಳಿದವರಿಗೆ ಸಮುದ್ರ ಇಲ್ಲವೇ ಹಡಗಿನ ಟಿಕೆಟ್. ಈಗ ಹೊರಗಿನವರು ಕೆಲಸ ಹುಡುಕಿಕೊಂಡು ಬರುವ ದೇಶದಲ್ಲಿ ಆಗ ಊರಿಗೆ ಊರೇ ಖಾಲಿಯಾಗಿತ್ತು.

ಅತ್ತೆಯವರ ಚಿಂತೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಆರು ತಿಂಗಳು ಪೂರ್ತಿ ಕತ್ತಲೆ ಎಂಬುದು ಧ್ರುವದ ಮಾತು. ಬಡಗಣದ ಟ್ರೋಮ್ಸೊ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಮೇಲೇಳುವುದಿಲ್ಲ. ಟ್ರಾಂಡ್‌ಹೈಮ್ ಅಷ್ಟು ಮೇಲಿಲ್ಲ. ಅಲ್ಲಿ ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಸೂರ್ಯ ಬರುತ್ತಾನೆ, ಎರಡೂವರೆಗೆ ಹೋಗುತ್ತಾನೆ. ನಾಲ್ಕೂವರೆ ಗಂಟೆ ಬೆಳಕು, ಅದೂ ಮೋಡ ಇಲ್ಲದಿದ್ದರೆ. ಜೂನ್‌ನಲ್ಲಿ ಇದರ ಉಲ್ಟಾ. ರಾತ್ರಿ ಹನ್ನೊಂದಕ್ಕೂ ಕಿಟಕಿ ಪಕ್ಕ ಕೂತು ಪುಸ್ತಕ ಓದಬಹುದು, ನಿದ್ದೆ ಬರಬೇಕು ಅಂದರೆ ದಪ್ಪ ಪರದೆ ಬೇಕು. ಚಳಿ ಮಾತ್ರ ಅಷ್ಟು ಉತ್ತರಕ್ಕಿದ್ದರೂ ಅಂದುಕೊಂಡದ್ದಕ್ಕಿಂತ ಕಡಿಮೆ. ಅಟ್ಲಾಂಟಿಕ್‌ನ ಬೆಚ್ಚನೆ ನೀರಿನ ಪ್ರವಾಹ ಕರಾವಳಿಗುಂಟ ಹರಿಯುತ್ತದೆ, ಬಂದರುಗಳು ಹೆಪ್ಪುಗಟ್ಟುವುದಿಲ್ಲ.

ಅದೇ ಸಮುದ್ರದಿಂದ ಏಳುವ ಮೋಡ ಪಡುವಣದ ಬೆಟ್ಟಗಳಿಗೆ ಬಂದು ಬಡಿಯುತ್ತದೆ. ಬರ್ಗನ್‌ನಲ್ಲಿ ವರ್ಷಕ್ಕೆ 200ಕ್ಕೂ ಜಾಸ್ತಿ ದಿನ ಮಳೆ. ನಮ್ಮ ಮಲೆನಾಡಿನ ಮಳೆಯಂತೆ ಧೋ ಎಂದು ಸುರಿಯುವುದಿಲ್ಲ, ಜಿಟಿಜಿಟಿ ಎನ್ನುತ್ತಲೇ ಇರುತ್ತದೆ. ಕೊಡೆ ಅಲ್ಲಿ ಕೆಲಸಕ್ಕೆ ಬಾರದು, ಗಾಳಿ ತಿರುಚಿ ಹಾಕುತ್ತದೆ. ಮೊದಲ ತಿಂಗಳಲ್ಲೇ ನಾನು ಎರಡು ಕೊಡೆ ಕಳೆದುಕೊಂಡೆ. ಈ ಮಳೆ, ಎತ್ತರದ ಬೆಟ್ಟ, ಕಡಿದಾದ ಇಳಿಜಾರು ಮೂರೂ ಸೇರಿದರೆ ಏನಾಗುತ್ತದೆ? ಜಲಪಾತ. ನಾರ್ವೆಯ ಕಥೆ ನಿಜವಾಗಿ ತಿರುಗಿದ್ದು ಅಲ್ಲಿ.

ಒಂದು ಊರು ತೋರಿಸುತ್ತೇನೆ. ರ್ಯುಕಾನ್ ಅಂತ, ರಾಜಧಾನಿ ಓಸ್ಲೊದ ಪಡುವಣಕ್ಕೆ ಆಳವಾದ ಕಣಿವೆಯಲ್ಲಿದೆ. ಹತ್ತಿರದಲ್ಲೇ 104 ಮೀಟರ್ ಎತ್ತರದ ಜಲಪಾತ. 1905ರಲ್ಲಿ ಶುರುವಾದ ನಾರ್ಸ್ಕ್ ಹೈಡ್ರೊ ಎಂಬ ಕಂಪನಿ ಈ ನೀರಿನಿಂದ ಕರೆಂಟು ತೆಗೆದು, ಆ ಕರೆಂಟಿನಿಂದ ಗಾಳಿಯಲ್ಲಿರುವ ಸಾರಜನಕ ಹಿಡಿದು ರಸಗೊಬ್ಬರ ಮಾಡಿತು. ಅಲ್ಲಿನ ವೆಮೊರ್ಕ್ ವಿದ್ಯುದಾಗಾರ 1911ರಲ್ಲಿ ಶುರುವಾದಾಗ ಜಗತ್ತಿನಲ್ಲೇ ದೊಡ್ಡದು. ಕಾರ್ಖಾನೆ ಬಂತು, ಊರು ಬೆಳೆಯಿತು. ಬಂದವರಿಗೆ ಒಂದೇ ಕೊರತೆ. ಕಣಿವೆ ಎಷ್ಟು ಆಳ ಅಂದರೆ, ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಊರಿಗೆ ಬಿಸಿಲು ಬೀಳುವುದೇ ಇಲ್ಲ. 1928ರಲ್ಲಿ ಕಂಪನಿ ಒಂದು ರೋಪ್‌ವೇ ಕಟ್ಟಿಸಿಕೊಟ್ಟಿತು. ಯಾಕೆ? ಚಳಿಗಾಲದಲ್ಲಿ ಜನ ಬೆಟ್ಟದ ಮೇಲೆ ಹೋಗಿ ಸೂರ್ಯನ ಮುಖ ನೋಡಿ ಬರಲಿ ಅಂತ. 2013ರಲ್ಲಿ ಬೆಟ್ಟದ ತುದಿಯಲ್ಲಿ ಮೂರು ದೊಡ್ಡ ಕನ್ನಡಿ ನಿಲ್ಲಿಸಿದರು. ಅವು ಸೂರ್ಯನ ಜೊತೆ ತಿರುಗುತ್ತಾ ಊರಿನ ಚೌಕಕ್ಕೆ ಬಿಸಿಲು ಕಳಿಸುತ್ತವೆ. ಫೆಬ್ರವರಿಯಲ್ಲಿ ನಾನು ಹೋಗಿದ್ದೆ. ಸುತ್ತ ನೀಲಿ ನೆರಳು, ನಡುವೆ ಒಂದು ತುಂಡು ಬಿಸಿಲು. ಅದರೊಳಗೆ ಹಿರಿಯರು ನಾಲ್ಕೈದು ಜನ ಕಣ್ಣು ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ.

ಈಗ ಮುಖ್ಯ ವಿಷಯ. 1900ರ ಆಸುಪಾಸಿನಲ್ಲಿ ಹೊರದೇಶದ ಬಂಡವಾಳದವರು ಬಂದು ರೈತರಿಂದ ಜಲಪಾತಗಳನ್ನು ಅಗ್ಗಕ್ಕೆ ಕೊಳ್ಳತೊಡಗಿದರು. ರೈತನಿಗೆ ಅದು ಸುಮ್ನೆ ಬಿದ್ದ ನೀರು, ಬಂದಷ್ಟು ಲಾಭ. ಸಂಸತ್ತಿಗೆ ಗಾಬರಿಯಾಯಿತು. 1906ರಲ್ಲಿ ತರಾತುರಿಯಲ್ಲಿ ಒಂದು ಕಾನೂನು ತಂದರು, ಅದಕ್ಕೆ ಗಾಬರಿ ಕಾನೂನು ಅಂತಲೇ ಹೆಸರು ಬಿತ್ತು. 1909ರಲ್ಲಿ, ಮತ್ತೆ 1917ರಲ್ಲಿ ಅದನ್ನು ಗಟ್ಟಿ ಮಾಡಿದರು. ನಿಯಮದ ತಿರುಳು ಇಷ್ಟು: ಖಾಸಗಿಯವರು ಜಲಪಾತ ಬಳಸಬೇಕಾದರೆ ಸರ್ಕಾರದ ಪರವಾನಗಿ ಬೇಕು. 60ರಿಂದ 80 ವರ್ಷದ ಅವಧಿ ಮುಗಿದ ಮೇಲೆ ಜಲಪಾತ, ಕಟ್ಟೆ, ಯಂತ್ರ ಎಲ್ಲ ಸರ್ಕಾರಕ್ಕೆ. ನಾವು ಭೋಗ್ಯಕ್ಕೆ ಕೊಟ್ಟ ಹೊಲ ಅವಧಿ ಮುಗಿದ ಮೇಲೆ ವಾಪಸ್ ಬರುತ್ತದಲ್ಲ, ಹಾಗೆ. ವ್ಯತ್ಯಾಸ ಅಂದರೆ ಇಲ್ಲಿ ಸರ್ಕಾರ ಒಂದು ಕಾಸೂ ಹಿಂತಿರುಗಿಸಬೇಕಿರಲಿಲ್ಲ. ಈಗಲೂ ನಾರ್ವೆಯ ಕರೆಂಟಿನಲ್ಲಿ ನೂರಕ್ಕೆ 90ರ ಹತ್ತಿರ ನೀರಿನದ್ದೇ. ಅದರ ಬಹುಪಾಲು ಸರ್ಕಾರ, ಪುರಸಭೆಗಳ ಕೈಯಲ್ಲಿದೆ.

ಹೀಗಾಗಿ ಎಣ್ಣೆ ಸಿಗುವ ಹೊತ್ತಿಗೆ ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ನೆಲದ ಸಂಪತ್ತು ಎಲ್ಲರದ್ದು, ಹೊರಗಿನವರು ಬರಲಿ, ದುಡಿಯಲಿ, ಆದರೆ ಯಜಮಾನಿಕೆ ನಮ್ಮದು ಎಂಬ ಅಭ್ಯಾಸ.

ಎಣ್ಣೆಯ ಕಥೆ ತಮಾಷೆಯಾಗಿಯೇ ಶುರುವಾಗುತ್ತದೆ. 1958ರಲ್ಲಿ ನಾರ್ವೆಯ ಭೂಗರ್ಭ ಇಲಾಖೆ ಒಂದು ಪತ್ರ ಬರೆದು, ನಮ್ಮ ಕರಾವಳಿಯಲ್ಲಿ ಕಲ್ಲಿದ್ದಲು, ಎಣ್ಣೆ, ಗಂಧಕ ಸಿಗುವ ಸಾಧ್ಯತೆ ಇಲ್ಲ ಅಂದಿತ್ತು. 1962ರಲ್ಲಿ ಅಮೆರಿಕದ ಫಿಲಿಪ್ಸ್ ಕಂಪನಿ ಬಂದು ತಿಂಗಳಿಗೆ 1,60,000 ಡಾಲರ್ ಕೊಡುತ್ತೇವೆ, ನಿಮ್ಮ ಪಾಲಿನ ಸಮುದ್ರತಳ ಪೂರ್ತಿ ನಮಗೆ ಬಿಡಿ ಅಂತ ಕೇಳಿತು. ಎಣ್ಣೆಯೇ ಇಲ್ಲ ಅಂದುಕೊಂಡ ದೇಶಕ್ಕೆ ಅದು ಸುಮ್ನೆ ಬರುವ ದುಡ್ಡು. ಆದರೂ ಒಪ್ಪಲಿಲ್ಲ. 1963ರಲ್ಲಿ ಸಮುದ್ರತಳ ತನ್ನದು ಎಂದು ಸಾರಿತು, 1965ರಲ್ಲಿ ಬ್ರಿಟನ್ ಮತ್ತು ಡೆನ್ಮಾರ್ಕ್ ಜೊತೆ ಗಡಿ ಮಾತಾಡಿ ಮುಗಿಸಿತು. ಸಾಲು ಸಾಲು ಬಾವಿ ಕೊರೆದರೂ ದಕ್ಕದ್ದು 1969ರ ಕ್ರಿಸ್‌ಮಸ್ ಹೊತ್ತಿಗೆ ಉತ್ತರ ಸಮುದ್ರದ ಎಕೊಫಿಸ್ಕ್ ಎಂಬಲ್ಲಿ ದಕ್ಕಿತು. ಕೊರೆಸಿದವರು ಅದೇ ಫಿಲಿಪ್ಸ್. ಆದರೆ ಷರತ್ತು ನಾರ್ವೆಯದು.

ಇದರಲ್ಲಿ ಒಬ್ಬ ಇರಾಕಿಯ ಪಾತ್ರ ನನಗೆ ಬಹಳ ಇಷ್ಟ. ಫಾರೂಕ್ ಅಲ್-ಕಾಸಿಮ್, ಬಸ್ರಾದವರು, ಎಣ್ಣೆಯ ಭೂವಿಜ್ಞಾನಿ. ಹೆಂಡತಿ ನಾರ್ವೆಯವರು. ಮಗನ ಚಿಕಿತ್ಸೆಗೆಂದು 1968ರಲ್ಲಿ ಇರಾಕಿನ ಒಳ್ಳೆಯ ಕೆಲಸ ಬಿಟ್ಟು ನಾರ್ವೆಗೆ ಬಂದರು. ಓಸ್ಲೊದಲ್ಲಿ ಹೆಂಡತಿಯ ಊರಿನ ರೈಲಿಗೆ ಇನ್ನೂ ಹೊತ್ತಿತ್ತು. ಸುಮ್ನೆ ಕೂರುವ ಬದಲು ಕೈಗಾರಿಕಾ ಇಲಾಖೆಗೆ ನಡೆದು, ಇಲ್ಲಿ ಯಾವ ಯಾವ ಎಣ್ಣೆ ಕಂಪನಿಗಳಿವೆ ಅಂತ ವಿಚಾರಿಸಿದರು. ಅಲ್ಲಿನ ಬೆರಳೆಣಿಕೆಯ ಅಧಿಕಾರಿಗಳಿಗೆ ಎಣ್ಣೆಯ ಅನುಭವ ಇದ್ದವರೇ ಬೇಕಿತ್ತು. ಕೊರೆದ ಬಾವಿಗಳ ವರದಿ ಓದುವ ಕೆಲಸ ಅವರಿಗೇ ಸಿಕ್ಕಿತು. ಮುಂದೆ 1972ರಲ್ಲಿ ಸರ್ಕಾರಿ ಎಣ್ಣೆ ಕಂಪನಿ ಸ್ಟಾಟಾಯಿಲ್ ಹುಟ್ಟಲು ಕಾರಣವಾದ ಯೋಜನೆ ಬರೆಯುವುದರಲ್ಲಿ ಅವರ ಕೈ ಇತ್ತು. 2018ರಿಂದ ಆ ಕಂಪನಿಯ ಹೆಸರು ಎಕ್ವಿನೋರ್.

ದುಡ್ಡು ಬಂದ ಮೇಲೆ ಏನು ಮಾಡಿದರು? ಎಣ್ಣೆ ಕಂಪನಿಗಳ ಲಾಭದ ಮೇಲೆ ಒಟ್ಟು ತೆರಿಗೆ ನೂರಕ್ಕೆ 78. ಸರ್ಕಾರಕ್ಕೆ ಬಂದದ್ದನ್ನು ಕೂಡಿಡಲು 1990ರಲ್ಲಿ ಕಾನೂನು ಮಾಡಿದರು, ಮೊದಲ ಕಂತು ಬಿದ್ದದ್ದು 1996ರಲ್ಲಿ. ಆ ಇಡುಗಂಟು 2024ರ ಕೊನೆಗೆ ಸುಮಾರು 19.7 ಲಕ್ಷ ಕೋಟಿ ಕ್ರೋನರ್ ಆಗಿತ್ತು (ಕ್ರೋನರ್ ಅಂದರೆ ಅಲ್ಲಿನ ರೂಪಾಯಿ ಅನ್ನಿ). ತಲೆಗೆ ಹಂಚಿದರೆ ಒಬ್ಬೊಬ್ಬರಿಗೆ 35 ಲಕ್ಷ ಕ್ರೋನರ್. ಆದರೆ ಯಾರ ತಲೆಗೂ ಹಂಚುವುದಿಲ್ಲ. ಪೂರ್ತಿ ದುಡ್ಡು ದೇಶದ ಹೊರಗೇ ಹೂಡಬೇಕು, ನಾರ್ವೆಯೊಳಗೆ ಒಂದು ಷೇರನ್ನೂ ಕೊಳ್ಳುವಂತಿಲ್ಲ. ಯಾಕೆ ಅಂದರೆ ಅಷ್ಟು ದುಡ್ಡು ಒಮ್ಮೆಲೇ ಒಳಗೆ ಸುರಿದರೆ ಬೆಲೆ ಏರುತ್ತದೆ, ಕ್ರೋನರ್ ದುಬಾರಿಯಾಗುತ್ತದೆ, ಮೀನಿನವನು, ಕಾರ್ಖಾನೆಯವನು ಹೊರದೇಶಕ್ಕೆ ಮಾರಲಾಗದೆ ಬಾಗಿಲು ಹಾಕುತ್ತಾನೆ. ಹಾಗಾಗಿ ಜಗತ್ತಿನ ಷೇರು ಪೇಟೆಗಳಲ್ಲಿರುವ ಒಟ್ಟು ಷೇರಿನಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಈ ನಿಧಿಯದ್ದು. ನಮ್ಮ ದೇಶದ ಕಂಪನಿಗಳಲ್ಲೂ ಇದೆ. ವರ್ಷಕ್ಕೆ ನಿಧಿಯ ನೂರಕ್ಕೆ 3ರಷ್ಟು ಮಾತ್ರ ಬಜೆಟ್ಟಿಗೆ ತೆಗೆಯಬಹುದು ಎಂಬ ಲೆಕ್ಕ ಇಟ್ಟುಕೊಂಡಿದ್ದಾರೆ. 2001ರಲ್ಲಿ ಅದು 4 ಇತ್ತು, 2017ರಲ್ಲಿ ಇಳಿಸಿದರು. ಅಸಲು ಮುಟ್ಟಬೇಡ, ಬಡ್ಡಿಯಲ್ಲಿ ಮನೆ ನಡೆಸು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಇದನ್ನೇ ಅಲ್ವಾ.

ಇದನ್ನು ಕೇಳಿ ಅವರು ದೇವತೆಗಳು ಅಂದುಕೊಳ್ಳಬೇಡಿ. ಮನೆಯಲ್ಲಿ ಶುದ್ಧ ಕರೆಂಟು, 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89 ಬ್ಯಾಟರಿಯವು. ಹೊರಗೆ ಮಾರುವುದು ಮಾತ್ರ ಎಣ್ಣೆ ಮತ್ತು ಗ್ಯಾಸ್. 2022ರ ಯುದ್ಧದ ನಂತರ ರಷ್ಯಾದ ಗ್ಯಾಸ್ ಬಹುಪಾಲು ನಿಂತಾಗ ಯುರೋಪಿಗೆ ನಾರ್ವೆಯೇ ಗತಿಯಾಯಿತು, ಬೆಲೆ ಏರಿ ನಾರ್ವೆಗೆ ಭಾರೀ ಲಾಭವೂ ಆಯಿತು. ಈ ಇಬ್ಬಂದಿತನವನ್ನು ಅಲ್ಲಿನ ಯುವಕರೇ ಜೋರಾಗಿ ಪ್ರಶ್ನಿಸುತ್ತಾರೆ. ನನಗೂ ಅವರ ಮಾತು ಸರಿ ಅನ್ನಿಸುತ್ತದೆ.

ಎಣ್ಣೆ ಬಿಟ್ಟರೆ ಮೀನು. ಲೋಫೋಟೆನ್ ದ್ವೀಪಗಳಲ್ಲಿ ಕಾಡ್ ಮೀನನ್ನು ಉಪ್ಪು ಕೂಡ ಹಾಕದೆ ಮರದ ಅಟ್ಟಣಿಗೆಗೆ ನೇತುಹಾಕಿ ಚಳಿಗಾಳಿಗೆ ಒಣಗಿಸುತ್ತಾರೆ. ಸಾವಿರ ವರ್ಷದ ವ್ಯಾಪಾರ ಅದು. ಸಾಲ್ಮನ್ ಸಾಕಣೆ 1970ರ ಸುಮಾರಿಗೆ ಶುರುವಾಯಿತು, ಟ್ರಾಂಡ್‌ಹೈಮ್ ಹತ್ತಿರದ ಹಿತ್ರಾ ದ್ವೀಪ ಅದರ ತವರುಗಳಲ್ಲೊಂದು. ಆಮೇಲೆ ಹಡಗು, ಅಲ್ಯೂಮಿನಿಯಂ. ನಮ್ಮ ದೇಶ 2024ರ ಮಾರ್ಚ್‌ನಲ್ಲಿ ನಾರ್ವೆ, ಸ್ವಿಟ್ಜರ್ಲೆಂಡ್, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದೆ, 2025ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ.

ಹಾಂ, ಇನ್ನೊಂದು "ಎಣ್ಣೆ"ಯ ಸುದ್ದಿಯೂ ಹೇಳಿಬಿಡುತ್ತೇನೆ, ತಾಯಂದಿರಿಗೆ ಸಮಾಧಾನವಾಗಲಿ. ಬಿಯರ್‌ಗಿಂತ ಗಟ್ಟಿಯಾದದ್ದು ಸಿಗುವುದು ಸರ್ಕಾರಿ ಅಂಗಡಿಯಲ್ಲಿ ಮಾತ್ರ. ಭಾನುವಾರ ಬಂದ್, ಶನಿವಾರ ಸಂಜೆಗೆ ಮುಂಚೆಯೇ ಬಾಗಿಲು ಹಾಕುತ್ತಾರೆ. ಬೆಲೆ ಕೇಳಿದರೆ ಅರ್ಧ ಅಮಲು ಅಲ್ಲೇ ಇಳಿಯುತ್ತದೆ.

ಸರ್ಕಾರದ ವಿಷಯ. ನಾರ್ವೆ ನಾಲ್ಕು ಶತಮಾನ ಡೆನ್ಮಾರ್ಕಿನ ಕೈಕೆಳಗಿತ್ತು. 1814ರ ಮೇ 17ರಂದು ಐಡ್ಸ್‌ವೊಲ್ ಎಂಬಲ್ಲಿ ಸಂವಿಧಾನ ಬರೆದುಕೊಂಡರೂ ಅದೇ ವರ್ಷ ಸ್ವೀಡನ್ ರಾಜನ ಕೆಳಗೆ ಹೋಗಬೇಕಾಯಿತು. 1905ರಲ್ಲಿ ಬೇರೆಯಾದರು, ಯುದ್ಧ ಇಲ್ಲದೆ. ಬೇರೆಯಾಗಬೇಕೇ ಎಂದು ಮತ ಕೇಳಿದಾಗ ಹೌದು ಅಂದವರು 3,68,208, ಬೇಡ ಅಂದವರು 184 ಜನ. ಲಕ್ಷವಲ್ಲ, ಸಾವಿರವಲ್ಲ, ನೂರ ಎಂಬತ್ತನಾಲ್ಕು. ಆಗ ಹೆಣ್ಣುಮಕ್ಕಳಿಗೆ ಮತ ಇರಲಿಲ್ಲ, 1913ರಲ್ಲಿ ಎಲ್ಲರಿಗೂ ಬಂತು. ರಾಜ ಬೇಕೋ ಬೇಡವೋ ಎಂಬುದನ್ನೂ ಮತಕ್ಕೇ ಹಾಕಿ, ಡೆನ್ಮಾರ್ಕಿನ ರಾಜಕುಮಾರನನ್ನು ಕರೆಸಿಕೊಂಡರು. ಈಗಿನ ರಾಜ ಐದನೇ ಹಾರಾಲ್ಡ್ 1991ರಿಂದ ಪಟ್ಟದಲ್ಲಿದ್ದಾರೆ. ಅಧಿಕಾರ ಇರುವುದು ಸ್ಟೋರ್ಟಿಂಗ್ ಎಂಬ 169 ಸದಸ್ಯರ ಸಂಸತ್ತಿಗೆ. ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಲ್ಲಿ ಸೀಟು. ಹಾಗಾಗಿ ಒಂದೇ ಪಕ್ಷಕ್ಕೆ ಬಹುಮತ ಸಿಗುವುದು ಅಪರೂಪ. ಇನ್ನೊಂದು ವಿಚಿತ್ರ: ನಾಲ್ಕು ವರ್ಷ ಮುಗಿಯುವ ತನಕ ಸಂಸತ್ತು ವಿಸರ್ಜಿಸುವ ದಾರಿಯೇ ಇಲ್ಲ. ಜಗಳವಾಡಿದರೂ ಅದೇ ಮನೆಯಲ್ಲಿ ಇರಬೇಕು, ರಾಜಿಯಾಗಲೇಬೇಕು. 2025ರ ಸೆಪ್ಟೆಂಬರ್ ಚುನಾವಣೆಯ ನಂತರವೂ ಲೇಬರ್ ಪಕ್ಷದ ಯೊನಾಸ್ ಗಾರ್ ಸ್ಟೋರೆ ಅವರೇ ಪ್ರಧಾನಿಯಾಗಿ ಮುಂದುವರಿದರು. ನಾರ್ವೆ 1949ರಿಂದ ನೇಟೊದಲ್ಲಿದೆ, ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ. 1972ರಲ್ಲಿ, 1994ರಲ್ಲಿ ಎರಡು ಸಲ ಜನರೇ ಬೇಡ ಅಂದರು. ಮೀನು ಮತ್ತು ಹೊಲ ಕೈತಪ್ಪುವ ಭಯ ಅದಕ್ಕೆ ದೊಡ್ಡ ಕಾರಣ.

ಜನರ ಬಗ್ಗೆ ಹೇಳುವಾಗ ಸಾಮಿ ಜನರನ್ನು ಬಿಟ್ಟರೆ ತಪ್ಪಾಗುತ್ತದೆ. ಬಡಗಣದ ಮೂಲನಿವಾಸಿಗಳು. ಕೆಲವರು ಹಿಮಸಾರಂಗ ಮೇಯಿಸುತ್ತಾರೆ, ಬಹಳ ಜನ ಮೀನು, ವ್ಯವಸಾಯ, ಪೇಟೆಯ ಕೆಲಸ ನಂಬಿದ್ದಾರೆ. ನೂರು ವರ್ಷಕ್ಕೂ ಜಾಸ್ತಿ ಕಾಲ ಸರ್ಕಾರ ಅವರ ಮಕ್ಕಳಿಗೆ ಶಾಲೆಯಲ್ಲಿ ತಾಯ್ನುಡಿ ಬಿಡಿಸಿತು. 1970ರ ದಶಕದ ಕೊನೆಗೆ ಆಲ್ಟಾ ನದಿಗೆ ವಿದ್ಯುತ್ ಕಟ್ಟೆ ಕಟ್ಟಲು ಹೊರಟಾಗ ಸಾಮಿಗಳು ಸಂಸತ್ತಿನ ಮುಂದೆ ಡೇರೆ ಹಾಕಿ ಉಪವಾಸ ಕೂತರು. ಕಟ್ಟೆ ಕಟ್ಟುವುದೇನೂ ನಿಲ್ಲಲಿಲ್ಲ. ಆದರೆ 1989ರಲ್ಲಿ ಅವರದ್ದೇ ಸಾಮಿ ಸಂಸತ್ತು ಬಂತು. 1997ರಲ್ಲಿ ರಾಜ ಹಾರಾಲ್ಡ್ ಕ್ಷಮೆ ಕೇಳಿದರು. ನಾನು ಹೊಗಳಿದ ನೀರಿನ ಕರೆಂಟಿನ ಇನ್ನೊಂದು ಮುಖ ಇದು. ಟ್ರಾಂಡ್‌ಹೈಮ್ ಪಕ್ಕದ ಫೋಸೆನ್‌ನಲ್ಲಿ ಹಾಕಿದ ಗಾಳಿಯಂತ್ರಗಳ ಪರವಾನಗಿ ಸಾಮಿಗಳ ಹಕ್ಕಿಗೆ ಧಕ್ಕೆ ತರುತ್ತದೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಸಾಮಿಗಳ ಮೊದಲ ದೊಡ್ಡ ಸಭೆ ಸೇರಿದ್ದೂ ಟ್ರಾಂಡ್‌ಹೈಮ್‌ನಲ್ಲೇ, 1917ರ ಫೆಬ್ರವರಿ 6ರಂದು. ಆ ದಿನ ಈಗ ಅವರ ರಾಷ್ಟ್ರೀಯ ದಿನ. ನಿಮ್ಮ ಮಗಳು ಅವತ್ತು ಊರೊಳಗೆ ಒಂದು ಸುತ್ತು ಹಾಕಲಿ, ನೀಲಿ ಕೆಂಪು ಉಡುಪಿನವರು ಕಾಣುತ್ತಾರೆ.

ಭಾಷೆ ನಾರ್ವೇಜಿಯನ್, ಅದಕ್ಕೆ ಬರೆಯುವ ರೂಪ ಎರಡು. ಒಂದು ಡ್ಯಾನಿಷ್‌ನಿಂದ ಬೆಳೆದದ್ದು, ಇನ್ನೊಂದು ಹಳ್ಳಿಗಳ ಆಡುಮಾತುಗಳಿಂದ ಕಟ್ಟಿದ್ದು. ಆಡುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಸೊಗಡು, ಸುದ್ದಿ ಓದುವವರೂ ಮಂತ್ರಿಗಳೂ ತಮ್ಮ ಊರಿನ ಮಾತೇ ಆಡುತ್ತಾರೆ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಊರಿನ ಹೆಸರನ್ನು ಅಲ್ಲಿನವರು "ಟ್ರೊನ್‌ಹೈಮ್" ಅಂತಾರೆ, ನಡುವಿನ "ಡ" ನುಂಗಿ.

ಜನ ಮಿತಭಾಷಿಗಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಇರುವವರಿದ್ದಾರೆ. ಇದು ತಿರಸ್ಕಾರ ಅಲ್ಲ, ನಿಮಗೆ ತೊಂದರೆ ಬೇಡ ಎಂಬ ಸಂಕೋಚ. ಪ್ರೊಫೆಸರನ್ನೂ ಹೆಸರು ಹಿಡಿದೇ ಕರೆಯಬೇಕು, ಸರ್ ಅಂದರೆ ಅವರೇ ಮುಜುಗರಪಡುತ್ತಾರೆ. ಮನೆಯೊಳಗೆ ಚಪ್ಪಲಿ ಬೂಟು ಇಲ್ಲ, ನಮ್ಮ ಹಾಗೆಯೇ ಬಾಗಿಲಲ್ಲೇ ಬಿಡಬೇಕು. ದುಗ್ನಾಡ್ ಎಂಬ ಪದ್ಧತಿ ಇದೆ. ಹೊಲದಲ್ಲಿ ಒಬ್ಬರಿಗೊಬ್ಬರು ಮುಯ್ಯಾಳಾಗಿ ದುಡಿಯುವ ನಮ್ಮ ರೂಢಿಗೆ ಹತ್ತಿರ. ವಸಂತದಲ್ಲಿ ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸಿ, ಬೇಲಿಗೆ ಬಣ್ಣ ಬಳಿಯುತ್ತಾರೆ. ಪಕ್ಕದ ಮನೆಯವರ ಹೆಸರು ನನಗೆ ಗೊತ್ತಾದದ್ದು ಅಲ್ಲಿ, ಕೈಯಲ್ಲಿ ಕುಂಟೆ ಹಿಡಿದು ಎಲೆ ಎಳೆಯುವಾಗ. ಹೆರಿಗೆ ರಜೆಯಲ್ಲಿ ಅಪ್ಪನಿಗೆಂದೇ 15 ವಾರ ಎತ್ತಿಟ್ಟಿದ್ದಾರೆ. ನಡುಹಗಲು ಮಗುವಿನ ಗಾಡಿ ತಳ್ಳಿಕೊಂಡು ಹೋಗುವ ಗಂಡಸರು ಬೀದಿ ತುಂಬ ಸಿಗುತ್ತಾರೆ.

ಯಾರ ಆದಾಯ ಎಷ್ಟು, ಯಾರು ಎಷ್ಟು ತೆರಿಗೆ ಕಟ್ಟಿದರು ಎಂಬುದನ್ನು ಅಲ್ಲಿ ಯಾರು ಬೇಕಾದರೂ ಸರ್ಕಾರಿ ಪಟ್ಟಿಯಲ್ಲಿ ನೋಡಬಹುದು. 2014ರಿಂದ ಒಂದು ಕೊಕ್ಕೆ ಹಾಕಿದರು: ನೀವು ಯಾರದ್ದು ನೋಡಿದಿರೋ ಅವರಿಗೆ ನಿಮ್ಮ ಹೆಸರು ಗೊತ್ತಾಗುತ್ತದೆ. ಅಲ್ಲಿಗೆ ಕುತೂಹಲ ಬಹಳ ಇಳಿಯಿತು.

ನಿಮ್ಮ ಮಗಳಿಗೆ ಸಂಬಂಧಪಟ್ಟದ್ದು ಎರಡು ಮಾತು. ನಾರ್ವೆಯಲ್ಲಿ ಪಿಎಚ್.ಡಿ ಸಾಮಾನ್ಯವಾಗಿ ಓದಲ್ಲ, ನೌಕರಿ. ಸಂಬಳ ಬರುತ್ತದೆ, ತೆರಿಗೆ ಹಿಡಿಯುತ್ತಾರೆ, ರಜೆ ಇರುತ್ತದೆ. ಹಾಗಾಗಿ ಫೀಸಿನ ಚಿಂತೆ ಬೇಡ. ಖರ್ಚು ಜಾಸ್ತಿ, ಹೊರಗೆ ಊಟ ಮಾಡಿದರೆ ಜೇಬು ಸುಡುತ್ತದೆ. ಅಲ್ಲಿನವರೇ ಮನೆಯಿಂದ ಬ್ರೆಡ್ಡಿನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಮಂತ್ರಿಯಾದರೂ ಅದೇ.

ಇಲ್ಲಿಂದ ದಪ್ಪ ಜಾಕೆಟ್ ಕೊಂಡು ಕಳಿಸಬೇಡಿ. ಅಲ್ಲಿನ ಚಳಿಗೆ ತಕ್ಕದ್ದು ಅಲ್ಲೇ ಸಿಗುತ್ತದೆ. ಮೊದಲು ಕೊಳ್ಳಬೇಕಾದದ್ದು ಉಣ್ಣೆಯ ಒಳ ಉಡುಪು ಮತ್ತು ಕತ್ತಲಲ್ಲಿ ಕಾರಿನ ಬೆಳಕಿಗೆ ಹೊಳೆಯುವ ಒಂದು ಪಟ್ಟಿ, ತೋಳಿಗೆ ಕಟ್ಟಿಕೊಳ್ಳಲು. ಚಟ್ನಿಪುಡಿ, ಸಾರಿನ ಪುಡಿ ಧಾರಾಳವಾಗಿ ಕಟ್ಟಿಕೊಡಿ. ತುಪ್ಪದ ಡಬ್ಬಿ ಮಾತ್ರ ಬೇಡ, ನಮ್ಮಲ್ಲಿಂದ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ, ಕಸ್ಟಮ್ಸ್‌ನವರು ಎತ್ತಿಡುತ್ತಾರೆ. ದಾವಣಗೆರೆಯವರಿಗೆ ನಾನು ಬೆಣ್ಣೆಯ ಪಾಠ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ನಾರ್ವೆಯ ಬೆಣ್ಣೆ ಚೆನ್ನಾಗಿದೆ. ಉಪ್ಪಿಲ್ಲದ್ದು ನೋಡಿ ಕೊಂಡು ಅಲ್ಲೇ ಕಾಯಿಸಿಕೊಳ್ಳಲಿ.